ಅಂಚೆಯ ಮೊಹರು ಸುಳ್ಳಾಡಿದರೆ ಶಿಕ್ಷೆ ಏನು?

(ಸಿರುಗುಪ್ಪದ ಓದುಗರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ಬಳ್ಳಾರಿಯಿಂದ ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಪರಿಚಯದ ಹಿರಿಯರೊಬ್ಬರು, ಇಂದು ಯಾವ ವಿಷಯದ ಮೇಲೆ ಮಾತು ಎಂದು ಕೇಳಿದರು. ಅಂಚೆ ಮೊಹರಿನ ಮೇಲೆ ಎಂದೆವು. ಅವರು ನಕ್ಕುಬಿಟ್ಟರು. "ಕಾಗದ ಬರೆಯುವವರೇ ಇಲ್ಲದ ಕಾಲದಲ್ಲಿ ಮೊಹರಿನ ಮಾತೇನು ಮಗಾ?" ಎಂದರು. ಅವರ ನಗೆಯಲ್ಲಿ ತಪ್ಪಿಲ್ಲ. ಕ್ಷೇಮ ಸಮಾಚಾರದ ಕಾಗದಗಳು ನಮ್ಮ ಮನೆಗಳಿಗೆ ಬರುವುದು ನಿಂತು ವರ್ಷಗಳೇ ಕಳೆದವು. ಆದರೆ ಈಗ ಅಂಚೆಯವರು ಬಾಗಿಲು ತಟ್ಟಿದಾಗ ಏನನ್ನು ತರುತ್ತಾರೆ? ನ್ಯಾಯಾಲಯದ ಸಮನ್ಸ್, ವಕೀಲರ ನೋಟೀಸು, ಬ್ಯಾಂಕಿನ ಸಾಲ ವಸೂಲಿಯ ಎಚ್ಚರಿಕೆ, ಪಾಸ್‌ಪೋರ್ಟು, ಆಧಾರ್ ಚೀಟಿ, ಸಂದರ್ಶನದ ಕರೆ. ಇವುಗಳಲ್ಲಿ ಹೆಚ್ಚಿನವುಗಳಿಗೆ ಒಂದು ಗಡುವು ಇರುತ್ತದೆ. ಆ ಗಡುವು ಎಂದು ಆರಂಭವಾಯಿತು ಎಂಬುದಕ್ಕೆ ಬಡವನ ಕೈಯಲ್ಲಿರುವ ಸಾಕ್ಷಿ ಅನೇಕ ವೇಳೆ ಒಂದೇ: ಲಕೋಟೆಯ ಮೇಲಿನ ದಿನಾಂಕದ ಗುರುತು.

ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಕುರುಗೋಡಿನ ನಮ್ಮ ಮನೆಯಲ್ಲೇ ಕಲಿತೆವು. ನಾವು ಮದ್ರಸದಲ್ಲಿ ಓದುತ್ತಿದ್ದ ದಿನಗಳಲ್ಲಿ ನಮ್ಮ ಅಣ್ಣನಿಗೆ ಕಚೇರಿಯೊಂದರಿಂದ ಸಂದರ್ಶನದ ಪತ್ರ ಬಂದಿತು. ಪತ್ರ ಕೈಸೇರಿದ್ದು ತಿಂಗಳ 27ರಂದು. ಸಂದರ್ಶನ ಮುಗಿದದ್ದು 25ರಂದು. ಅಬ್ಬಾ ಅಂಚೆ ಕಚೇರಿಗೆ ಓಡಿದರು. ಅಲ್ಲಿನ ಹಿರಿಯ ಪೋಸ್ಟ್‌ಮಾಸ್ಟರರು ಲಕೋಟೆಯನ್ನು ತಿರುಗಿಸಿ ತೋರಿಸಿದರು. ಹಿಂಬದಿಯಲ್ಲಿ ಕುರುಗೋಡಿನ ಮೊಹರು ಸ್ಪಷ್ಟವಾಗಿತ್ತು. ಮುಂಬದಿಯಲ್ಲಿ, ಪತ್ರ ಹೊರಟ ಊರಿನ ಮೊಹರಿನಲ್ಲಿ, 4 ಎಂಬ ಅಂಕಿ ಕಾಣುತ್ತಿತ್ತು. ಅದರ ಹಿಂದಿನ ಅಂಕಿ ಮಸಿಯಲ್ಲಿ ಮುಚ್ಚಿಹೋಗಿತ್ತು. ಅದು 24 ಎಂದು ಅಬ್ಬಾ ವಾದಿಸಿದರು. ಕಚೇರಿಯವರು ಅದು 4 ಎಂದರು. ತಮ್ಮ ರವಾನೆ ಪುಸ್ತಕದಲ್ಲಿಯೂ 4 ಎಂದೇ ಬರೆದಿದೆ ಎಂದು ತೋರಿಸಿದರು. ಹಾಗಾದರೆ ಇಪ್ಪತ್ಮೂರು ದಿನಗಳ ಕಾಲ ಆ ಪತ್ರ ಎಲ್ಲಿ ಅಲೆಯುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನೌಕರಿ ಹೋಯಿತು. ಅಣ್ಣ ಇಂದು ಇದೇ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಆ ಲಕೋಟೆ ಮಾತ್ರ ಅಮ್ಮಿಯ ಟ್ರಂಕಿನಲ್ಲಿ ಈಗಲೂ ಇದೆ. ಒಂದು ಅಂಕಿಯ ಬೆಲೆ ಎಷ್ಟೆಂದು ನಮ್ಮ ಮನೆಗೆ ಗೊತ್ತು.

ಮಾನ್ಯರೇ, ದಿನಾಂಕದ ಪ್ರಶ್ನೆ ಇಸ್ಲಾಮೀ ಇತಿಹಾಸಕ್ಕೆ ಹೊಸತಲ್ಲ. ಹ. ಉಮರ್(ರ)ರ ಆಡಳಿತದಲ್ಲಿ ಅವರ ಮುಂದೆ ಒಂದು ಪತ್ರ ಬಂತು. ಅದರಲ್ಲಿ ಶಅಬಾನ್ ಎಂದಷ್ಟೇ ಇತ್ತು. ಇದು ಯಾವ ಶಅಬಾನ್, ಕಳೆದದ್ದೋ, ಈಗಿನದ್ದೋ, ಬರಲಿರುವುದೋ ಎಂದು ಅವರು ಕೇಳಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಖಲೀಫರಿಂದ ಬರುವ ಪತ್ರಗಳಲ್ಲಿ ದಿನಾಂಕವಿರುವುದಿಲ್ಲ ಎಂದು ಹ. ಅಬೂ ಮೂಸಾ ಅಶ್‌ಅರಿ(ರ) ಬರೆದು ತಿಳಿಸಿದರೆಂಬ ವರದಿಯೂ ಇದೆ. ಹಿಜರಿ ಪಂಚಾಂಗದ ಹಿನ್ನೆಲೆಯಲ್ಲಿರುವುದು ಆಡಳಿತದ ಈ ಸರಳ ಅಗತ್ಯ: ಪತ್ರ ಯಾವ ದಿನದ್ದೆಂದು ತಿಳಿಯದಿದ್ದರೆ ನ್ಯಾಯ ನಡೆಯದು.

ಮುದ್ರೆಯ ವಂಚನೆಯ ಪರಿಣಾಮವನ್ನೂ ಅದೇ ಇತಿಹಾಸ ಕಂಡಿದೆ. ಬೈತುಲ್ ಮಾಲ್‌ನ ಮುದ್ರೆಯನ್ನು ನಕಲು ಮಾಡಿ ಹಣ ಪಡೆದವನೊಬ್ಬನಿಗೆ ಹ. ಉಮರ್(ರ) ಛಡಿಯೇಟು ಮತ್ತು ಸೆರೆವಾಸ ವಿಧಿಸಿದ ಪ್ರಸ್ತಾಪ ಫಿಕ್‌ಹ್ ಗ್ರಂಥಗಳಲ್ಲಿ ಬರುತ್ತದೆ. ಹ. ಉಸ್ಮಾನ್(ರ)ರ ಕೊನೆಯ ದಿನಗಳಲ್ಲಿ, ಈಜಿಪ್ಟಿನ ರಾಜ್ಯಪಾಲರಿಗೆ ಬರೆದದ್ದೆನ್ನಲಾದ, ಖಲೀಫರ ಮುದ್ರೆಯಿದ್ದ ಪತ್ರವೊಂದು ದಾರಿಯಲ್ಲಿ ಸಿಕ್ಕಿಬಿತ್ತು. ತಾವದನ್ನು ಬರೆದಿಲ್ಲ, ಬರೆಯಿಸಿಲ್ಲ ಎಂದು ಅವರು ಆಣೆಯಿಟ್ಟು ಹೇಳಿದರು. ಆದರೂ ಕಿಚ್ಚು ಆರಲಿಲ್ಲ. ಹಿಜರಿ 35ರಲ್ಲಿ ಅವರ ಹತ್ಯೆಯಾಯಿತು. ಮುದ್ರೆಯ ಮೇಲಿನ ನಂಬಿಕೆ ಒಡೆದಾಗ ಏನೇನು ಒಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಪಾಠ ಬೇಕೇ?

ಇನ್ನು ಅಂಚೆಯ ಮೊಹರಿಗೆ ಬರೋಣ. ದಿನಾಂಕದ ಮೊಹರನ್ನು 1661ರಲ್ಲಿ ಲಂಡನ್ನಿನಲ್ಲಿ ಜಾರಿಗೆ ತಂದವರು ಅಲ್ಲಿನ ಅಂಚೆಯ ಮುಖ್ಯಸ್ಥ ಹೆನ್ರಿ ಬಿಷಪ್. ಪತ್ರಗಳು ತಡವಾಗುತ್ತಿವೆ ಎಂದು ಜನ ದೂರುತ್ತಿದ್ದರು. ಅಂಚೆಗೆ ಬಂದ ದಿನವನ್ನು ಪತ್ರದ ಮೇಲೆಯೇ ಒತ್ತಿಬಿಟ್ಟರೆ ಯಾವ ನೌಕರನೂ ಅದನ್ನು ತಡೆದಿಡಲಾರ ಎಂಬುದು ಅವರ ಯೋಚನೆ. ಅಂದರೆ ಮೊಹರು ಹುಟ್ಟಿದ್ದು ಸರಕಾರದ ಠೀವಿಗಾಗಿ ಅಲ್ಲ. ಅಂಚೆಯ ಸಿಬ್ಬಂದಿಯನ್ನು ಜನರ ಮುಂದೆ ಉತ್ತರದಾಯಿಯಾಗಿಸುವುದಕ್ಕಾಗಿ.

ನಮ್ಮ ದೇಶದಲ್ಲಿ ಬ್ರಿಟಿಷರು 1898ರಲ್ಲಿ ಭಾರತೀಯ ಅಂಚೆ ಕಚೇರಿ ಕಾಯ್ದೆಯನ್ನು ತಂದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಆಳುವವರ ಕಾನೂನಾದರೂ ಅದರಲ್ಲಿ ಒಂದು ನ್ಯಾಯದ ಮಾತಿತ್ತು. ಅದರ 54ನೇ ಕಲಮು ಹೀಗೆ ಹೇಳುತ್ತಿತ್ತು: ಅಂಚೆಯ ನೌಕರನು ವಂಚನೆಯಿಂದ ತಪ್ಪು ಅಧಿಕೃತ ಗುರುತನ್ನು ಒತ್ತಿದರೆ, ಅಥವಾ ಇರುವ ಗುರುತನ್ನು ತಿದ್ದಿದರೆ, ಅಳಿಸಿದರೆ, ಅವನಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಅಂಚೆಯನ್ನು ಕದ್ದರೆ ಏಳು ವರ್ಷಗಳವರೆಗೆ, ಅನಧಿಕೃತವಾಗಿ ತೆರೆದರೆ ಅಥವಾ ತಡೆದಿಟ್ಟರೆ ಎರಡು ವರ್ಷಗಳವರೆಗೆ ಶಿಕ್ಷೆ ವಿಧಿಸುವ ಕಲಮುಗಳೂ ಅದರ ಪಕ್ಕದಲ್ಲಿದ್ದವು.

ಆ ಕಲಮು ಇದ್ದಾಗ ಎಲ್ಲವೂ ಸರಿಯಿತ್ತೆಂದು ನಾವು ಹೇಳುವುದಿಲ್ಲ. ಹಿರಿಯರಿಗೆ ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್ ನೆನಪಿರಬಹುದು. ಸಾದಾ ಪತ್ರವನ್ನು ಕೊಟ್ಟು, ವಿಳಾಸ ಬರೆದ ಚೀಟಿಯ ಮೇಲೆ ಮೊಹರು ಹಾಕಿಸಿಕೊಂಡು ಬರುವ ವ್ಯವಸ್ಥೆ ಅದು. ರಿಜಿಸ್ಟರ್ ಅಂಚೆಗಿಂತ ಬಹಳ ಅಗ್ಗ. ಆದರೆ ಆ ಪತ್ರ ತಲುಪಿತೇ ಎಂಬುದಕ್ಕೆ ಅಂಚೆ ಕಚೇರಿಯಲ್ಲಿ ದಾಖಲೆಯಿಲ್ಲ. ಇರುವುದು ಕಳುಹಿಸಿದವನ ಕೈಯಲ್ಲಿರುವ ಚೀಟಿ ಮಾತ್ರ. ಕೌಂಟರಿನಲ್ಲಿ ಪರಿಚಯವಿದ್ದವನು ಹಿಂದಿನ ದಿನಾಂಕದ ಮೊಹರು ಹಾಕಿಸಿಕೊಂಡು ಬಂದರೆ ಎದುರಾಳಿ ಏನು ಮಾಡಬೇಕು? ಅಂತಹ ಮೊಹರುಗಳನ್ನು ಯಾವಾಗ ಬೇಕಾದರೂ ಪಡೆಯುವುದು ಕಷ್ಟವಲ್ಲ, ಆದುದರಿಂದ ಆ ಪ್ರಮಾಣಪತ್ರಗಳನ್ನಷ್ಟೇ ನಂಬಿ ತೀರ್ಮಾನಿಸಲಾಗದು ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟು 1994ರಲ್ಲಿ ಶಿವಕುಮಾರ್ ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿ ಹೇಳಿತು. ದೇಶದ ಅತ್ಯುನ್ನತ ನ್ಯಾಯಾಲಯವೇ ಸರಕಾರದ ಮೊಹರಿನ ಕುರಿತು ಹೀಗೆ ಹೇಳಬೇಕಾಯಿತೆಂದರೆ ರೋಗ ಎಷ್ಟು ಹರಡಿತ್ತೆಂದು ಊಹಿಸಿಕೊಳ್ಳಿ. ಆ ಸೇವೆಯನ್ನು ಅಂಚೆ ಇಲಾಖೆ 2011ರ ಆರಂಭದಲ್ಲಿ ನಿಲ್ಲಿಸಿತು.

ನಮ್ಮ ಕರ್ನಾಟಕ ಇನ್ನೊಂದು ಪಾಠವನ್ನೂ ಕಂಡಿದೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದದ ಹಗರಣ ಅದು. ಸರಕಾರದ ಗುರುತನ್ನೇ ನಕಲು ಮಾಡಿ ಮಾರಿದ ಆತ 2001ರಲ್ಲಿ ಅಜ್ಮೀರಿನಲ್ಲಿ ಸೆರೆಸಿಕ್ಕಿ, ಶಿಕ್ಷೆ ಅನುಭವಿಸುತ್ತಲೇ 2017ರಲ್ಲಿ ಸತ್ತ. ಅವನ ಹೆಸರು ನಮ್ಮ ಹೆಸರುಗಳಂತಿದೆ ಎಂಬ ಕಾರಣಕ್ಕೆ ನಾವು ಆ ಮಾತನ್ನು ಮುಚ್ಚಿಡಬೇಕಾಗಿಲ್ಲ. ಒಳಗಿನವರ ನೆರವಿಲ್ಲದೆ ಸರಕಾರದ ಗುರುತಿನ ವಂಚನೆ ಅಷ್ಟು ದೊಡ್ಡದಾಗಿ ಬೆಳೆಯದು ಎಂಬುದೇ ಆ ಪ್ರಕರಣದ ಪಾಠ.

ಇಷ್ಟೆಲ್ಲ ಅನುಭವವಾದ ಮೇಲೆ ಕಾನೂನು ಇನ್ನಷ್ಟು ಬಿಗಿಯಾಗಬೇಕಿತ್ತು. ಆದದ್ದೇನು? 2023ರ ಆಗಸ್ಟಿನಲ್ಲಿ ಜನ್ ವಿಶ್ವಾಸ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 42 ಕಾಯ್ದೆಗಳ 183 ಅಂಶಗಳನ್ನು ಸಡಿಲಿಸಿದ ಆ ಕಾಯ್ದೆ, 1898ರ ಅಂಚೆ ಕಾಯ್ದೆಯ ಅಪರಾಧದ ಕಲಮುಗಳನ್ನು ಕೈಬಿಡುವ ನಿರ್ಧಾರ ಮಾಡಿತು. ಅದೇ ತಿಂಗಳು ರಾಜ್ಯಸಭೆಯಲ್ಲಿ ಹೊಸ ಅಂಚೆ ಕಚೇರಿ ವಿಧೇಯಕ ಮಂಡನೆಯಾಯಿತು. ಡಿಸೆಂಬರಿನಲ್ಲಿ ಎರಡೂ ಸದನಗಳು ಅದನ್ನು ಅಂಗೀಕರಿಸಿದವು. 2024ರ ಜೂನ್ 18ರಿಂದ ಹೊಸ ಕಾಯ್ದೆ ಜಾರಿಗೆ ಬಂದು 1898ರ ಕಾಯ್ದೆ ರದ್ದಾಯಿತು. ಸುಳ್ಳು ಮೊಹರಿಗೆ ಶಿಕ್ಷೆ ವಿಧಿಸುತ್ತಿದ್ದ ಕಲಮು ಹೋಯಿತು. ಅದರ ಜಾಗಕ್ಕೆ ಬೇರೊಂದು ಬರಲಿಲ್ಲ.

ಹೊಸ ಕಾಯ್ದೆಯ 9ನೇ ಕಲಮನ್ನು ಇದರ ಪಕ್ಕದಲ್ಲಿಟ್ಟು ನೋಡಿ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ತುರ್ತುಸ್ಥಿತಿ ಮುಂತಾದ ಕಾರಣಗಳಿಗೆ ನಮ್ಮ ಅಂಚೆಯನ್ನು ತಡೆಯುವ, ತೆರೆಯುವ ಅಧಿಕಾರವನ್ನು ಕೇಂದ್ರ ಸರಕಾರ ಯಾವುದೇ ಅಧಿಕಾರಿಗೆ ಕೊಡಬಹುದು. 10ನೇ ಕಲಮಿನಂತೆ, ವಂಚನೆಯಿಂದ ಅಥವಾ ಉದ್ದೇಶಪೂರ್ವಕವಾಗಿ ನಷ್ಟ, ವಿಳಂಬ ಮಾಡಿದ ಹೊರತು ನೌಕರ ಹೊಣೆಗಾರನಲ್ಲ. ವಂಚನೆ ಮಾಡಿದರೆ ಹೊಣೆ ಎಂದು ಇಲ್ಲಿ ಒಪ್ಪಿಕೊಂಡಂತಾಯಿತು. ಆದರೆ ಆ ವಂಚನೆಗೆ ಶಿಕ್ಷೆ ಏನು? ಕಾಯ್ದೆ ಮೌನವಾಗಿದೆ. ಪತ್ರ ತೆರೆಯುವ ಅಧಿಕಾರವನ್ನು ಬರೆದಿಡಲು ನೆನಪಾದವರಿಗೆ ಪತ್ರದ ಮೇಲೆ ಸುಳ್ಳು ಬರೆದವನ ಶಿಕ್ಷೆಯನ್ನು ಬರೆಯಲು ಏಕೆ ನೆನಪಾಗಲಿಲ್ಲ?

ಸರಕಾರದ ಪರವಾಗಿಯೂ ವಾದವಿದೆ. ಅದನ್ನು ಹೇಳದಿದ್ದರೆ ನಾವು ನ್ಯಾಯ ಮಾಡಿದಂತಾಗದು. ಹಳೆಯ ಕಾಯ್ದೆಯಲ್ಲಿ ಅಂಚೆ ಹೊರುವವನು ಕುಡಿದಿದ್ದರೆ ಐವತ್ತು ರೂಪಾಯಿ ದಂಡ ಎಂಬಂತಹ, ಕಾಲ ಮೀರಿದ ಕಲಮುಗಳಿದ್ದವು. ಸಣ್ಣ ತಪ್ಪಿಗೂ ಜೈಲು ತೋರಿಸುವುದು ಒಳ್ಳೆಯ ಆಡಳಿತವಲ್ಲ. ನಕಲಿ ದಾಖಲೆ, ನಂಬಿಕೆದ್ರೋಹ, ಸಾರ್ವಜನಿಕ ನೌಕರನು ಹಾನಿಯ ಉದ್ದೇಶದಿಂದ ತಪ್ಪು ದಾಖಲೆ ತಯಾರಿಸುವುದು ಇವೆಲ್ಲ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧಗಳೇ ಆಗಿವೆ. ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ.

ಸಾಲದು ಎಂಬುದೇ ನಮ್ಮ ನಿಲುವು. ಸಂಹಿತೆಯ ಸಾಮಾನ್ಯ ಕಲಮಿನ ಕೆಳಗೆ ಹೋದರೆ, ಮೊಹರು ಒಂದು ದಾಖಲೆಯೇ, ಹಾನಿಯ ಉದ್ದೇಶವಿತ್ತೇ ಎಂಬುದನ್ನೆಲ್ಲ ಒಂದೊಂದಾಗಿ ಸಾಧಿಸಬೇಕು. ಕುರುಗೋಡಿನ ಕೂಲಿಕಾರನಿಗೆ ಅದು ಸಾಧ್ಯವೇ? ಹಳೆಯ 54ನೇ ಕಲಮಿನಲ್ಲಿ ಅಪರಾಧದ ಹೆಸರೇ ಸ್ಪಷ್ಟವಾಗಿತ್ತು: ವಂಚನೆಯಿಂದ ಒತ್ತಿದ ತಪ್ಪು ಗುರುತು. ಅಮೆರಿಕದ ಕಾನೂನಿನಲ್ಲಿ ಅಂಚೆ ಮೊಹರನ್ನು ನಕಲು ಮಾಡುವುದಕ್ಕೆ ಪ್ರತ್ಯೇಕ ಕಲಮಿದೆ. ಐದು ವರ್ಷಗಳವರೆಗೆ ಸೆರೆವಾಸವಿದೆ. ಅಂಚೆಯನ್ನು ನಂಬಿ ನ್ಯಾಯ ನಡೆಸುವ ದೇಶ ಆ ನಂಬಿಕೆಗೆ ಬೇಲಿ ಹಾಕಲೇಬೇಕು.

ನಮ್ಮ ನ್ಯಾಯಾಲಯಗಳು ಅಂಚೆಯನ್ನು ಎಷ್ಟು ನಂಬುತ್ತವೆಂದು ಬಹುಮಂದಿಗೆ ತಿಳಿದಿಲ್ಲ. 1897ರ ಸಾಮಾನ್ಯ ವಾಕ್ಯಾಂಶಗಳ ಕಾಯ್ದೆಯ 27ನೇ ಕಲಮಿನಂತೆ, ಸರಿಯಾದ ವಿಳಾಸ ಬರೆದು, ಶುಲ್ಕ ಕಟ್ಟಿ, ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದ ಪತ್ರ ತಲುಪಿತೆಂದೇ ಭಾವಿಸಲಾಗುತ್ತದೆ. ತಲುಪಿಲ್ಲವೆಂದು ಸಾಧಿಸುವ ಹೊರೆ ನಿಮ್ಮದು. ಸಿರುಗುಪ್ಪದಂತಹ ಭತ್ತದ ವ್ಯಾಪಾರದ ಊರಿನಲ್ಲಿ ಚೆಕ್ ಬೌನ್ಸ್ ಪ್ರಕರಣಗಳನ್ನು ವಿವರಿಸಬೇಕಾಗಿಲ್ಲ. ಚೆಕ್ ಮರಳಿದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟೀಸು, ನೋಟೀಸು ತಲುಪಿದ 15 ದಿನಗಳೊಳಗೆ ಹಣ, ಆ ಬಳಿಕ ಒಂದು ತಿಂಗಳೊಳಗೆ ದೂರು. ಮೂರೂ ಗಡುವುಗಳು ದಿನಾಂಕದ ಮೇಲೆ ನಿಂತಿವೆ. ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಈ ಭಾವನೆಯನ್ನೇ ಎತ್ತಿಹಿಡಿಯಿತು. ನೋಟೀಸು ತಲುಪಲೇ ಇಲ್ಲ ಎನ್ನುವವರು ಸಮನ್ಸ್ ದೊರೆತ 15 ದಿನಗಳೊಳಗೆ ಹಣ ಕಟ್ಟಿ ಪಾರಾಗಬಹುದೆಂದೂ ಹೇಳಿತು.

ಈಗ ಯೋಚಿಸಿ. ದುಡಿಮೆಗಾಗಿ ಬೆಂಗಳೂರಿಗೆ ಹೋದ ಕುಟುಂಬವೊಂದರ ಮನೆಗೆ ನೋಟೀಸು ಬಂತು. ಬಾಗಿಲಿಗೆ ಬೀಗ. ಯಾರದೋ ಮಾತಿಗೆ ಮರುಳಾಗಿ, ಬೀಗವಿದ್ದ ಮನೆಯ ಪತ್ರದ ಮೇಲೆ 'ಸ್ವೀಕರಿಸಲು ನಿರಾಕರಿಸಿದರು' ಎಂದು ಷರಾ ಬರೆದರೆ? ನಿರಾಕರಿಸಿದರೆಂದರೆ ತಲುಪಿದಂತೆಯೇ ಸರಿ. ಅವರಿಗೆ ತಿಳಿಯದೆಯೇ ಏಕಪಕ್ಷೀಯ ತೀರ್ಪು ಬರಬಹುದು. ಎರಡು ಪದಗಳ ಷರಾ ಒಂದು ಮನೆಯನ್ನು ಹರಾಜಿಗೆ ತರಬಲ್ಲದು. ಆದುದರಿಂದ ಮೊಹರು ಎಂದಾಗ ಷರಾವನ್ನೂ ಸೇರಿಸಿಯೇ ನಾವು ಮಾತನಾಡುತ್ತಿದ್ದೇವೆ.

2025ರಲ್ಲಿ ರಿಜಿಸ್ಟರ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಈಗ ಕಂಪ್ಯೂಟರಿನ ನಮೂದೇ ಮೊಹರಾಗಿದೆ. ಕಂಪ್ಯೂಟರು ಸುಳ್ಳು ಹೇಳದು ಎಂಬ ಭ್ರಮೆ ಬೇಡ. 'ಬಟವಾಡೆಯಾಗಿದೆ' ಎಂದು ಒತ್ತುವ ಬೆರಳು ಮನುಷ್ಯನದೇ.

ಹಾಗಾದರೆ ನಾವು ಕೇಳುವ ಕಾನೂನು ಹೇಗಿರಬೇಕು? ಮೊದಲನೆಯದಾಗಿ, ವಂಚನೆಯಿಂದ ತಪ್ಪು ದಿನಾಂಕ ಒತ್ತುವುದು, ಸುಳ್ಳು ಷರಾ ಬರೆಯುವುದು, ಕಂಪ್ಯೂಟರಿನಲ್ಲಿ ಸುಳ್ಳು ನಮೂದು ಮಾಡುವುದು ಇವು ಹೆಸರು ಹೇಳಿಯೇ ಅಪರಾಧಗಳಾಗಬೇಕು. ಎರಡನೆಯದಾಗಿ, ಹಣ ಕೊಟ್ಟು ಹಾಗೆ ಮಾಡಿಸುವ ಹೊರಗಿನವನಿಗೂ ಅದೇ ಶಿಕ್ಷೆಯಾಗಬೇಕು. ಹಳೆಯ 54ನೇ ಕಲಮು ನೌಕರನನ್ನು ಮಾತ್ರ ಹೆಸರಿಸಿತ್ತು. ಮೂರನೆಯದಾಗಿ, ಪ್ರಾಮಾಣಿಕ ತಪ್ಪಿಗೆ ರಕ್ಷಣೆಯಿರಬೇಕು. ಬಿಸಿಲಿನಲ್ಲಿ ಹಳ್ಳಿ ಹಳ್ಳಿ ತಿರುಗುವ ಗ್ರಾಮೀಣ ಡಾಕ್ ಸೇವಕನ ಕೈತಪ್ಪನ್ನು ಅಪರಾಧವೆನ್ನುವುದು ದೊಡ್ಡವರನ್ನು ಬಿಟ್ಟು ಚಿಕ್ಕವರನ್ನು ಹಿಡಿದಂತಾದೀತು. ನಾಲ್ಕನೆಯದಾಗಿ, ಪತ್ರ ಪಡೆದವನು ಸಂಶಯ ಪಟ್ಟರೆ ಆ ದಿನದ ದಾಖಲೆಯ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ಇರಬೇಕು.

ಅಂಚೆ ಕೇಂದ್ರದ ವಿಷಯ. ಸಂವಿಧಾನದ ಕೇಂದ್ರ ಪಟ್ಟಿಯ 31ನೇ ನಮೂದು. ಬೆಂಗಳೂರಿನ ವಿಧಾನಸಭೆ ಇದನ್ನು ಮಾಡಲಾರದು. ಆದುದರಿಂದ ಬಳ್ಳಾರಿಯವರು ಬಳ್ಳಾರಿಯ ಸಂಸದರಿಗೆ, ಸಿರುಗುಪ್ಪದವರು ತಮ್ಮ ಕ್ಷೇತ್ರ ಸೇರಿರುವ ಕೊಪ್ಪಳದ ಸಂಸದರಿಗೆ ಬರೆಯಬೇಕು. ಸರಕಾರ ತಾರದಿದ್ದರೆ ಯಾವ ಸದಸ್ಯನೂ ಖಾಸಗಿ ವಿಧೇಯಕವನ್ನು ಮಂಡಿಸಬಹುದು. ಅಂತಹವು ಅಂಗೀಕಾರವಾಗುವುದು ಅಪರೂಪವೇ. ಆದರೆ ಪ್ರಶ್ನೆ ಸದನದ ದಾಖಲೆಗೆ ಸೇರುತ್ತದೆ. ಇದು ಒಂದು ಸಮುದಾಯದ ಬೇಡಿಕೆಯೂ ಅಲ್ಲ. ನೋಟೀಸು ಯಾರ ಮನೆಗೂ ಜಾತಿ ಕೇಳಿ ಬರುವುದಿಲ್ಲ.

ಸರಕಾರವನ್ನು ಪ್ರಶ್ನಿಸಿದ ನಾಲಗೆಯಿಂದಲೇ ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಹಿಂದಿನ ದಿನಾಂಕ ಹಾಕುವ ರೋಗ ಅಂಚೆ ಕಚೇರಿಯಲ್ಲಿ ಮಾತ್ರ ಇದೆಯೇ? 2002ರಲ್ಲಿ ಸುಪ್ರೀಂ ಕೋರ್ಟು ಶಮೀಮ್ ಆರಾ ಪ್ರಕರಣವನ್ನು ತೀರ್ಮಾನಿಸಿತು. ಜೀವನಾಂಶ ಕೇಳಿದ ಪತ್ನಿಗೆ ಪತಿ 1990ರಲ್ಲಿ ಕೊಟ್ಟ ಉತ್ತರವೇನು? ನಾನು 1987ರಲ್ಲೇ ತಲಾಖ್ ಕೊಟ್ಟಿದ್ದೇನೆ ಎಂಬುದು. ಅದಕ್ಕೆ ಪುರಾವೆಯಿರಲಿಲ್ಲ. ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ ಹೀಗೆ ಬರೆದ ಮಾತ್ರಕ್ಕೆ ತಲಾಖ್ ಆಗದು ಎಂದು ನ್ಯಾಯಾಲಯ ಹೇಳಬೇಕಾಯಿತು. ಜೀವನಾಂಶ ತಪ್ಪಿಸಲು, ಆಸ್ತಿಯ ಪಾಲು ತಪ್ಪಿಸಲು, ಹಳೆಯ ತಾರೀಕು ಹಾಕಿ ಹಿಬಾ ಪತ್ರ ಬರೆಸಲು ನಮ್ಮಲ್ಲಿ ಕೆಲವರ ಕೈ ನಡುಗುವುದಿಲ್ಲ. ಸಾಲವನ್ನು ಅವಧಿ ಸಹಿತ ಬರೆದಿಡಿರಿ, ಬರೆಯುವವನು ನ್ಯಾಯದಿಂದ ಬರೆಯಲಿ ಎಂದು ಪವಿತ್ರ ಕುರ್‌ಆನ್ ತನ್ನ ಅತಿ ದೀರ್ಘ ಸೂಕ್ತದಲ್ಲಿ ವಿವರವಾಗಿ ಆದೇಶಿಸಿದೆ. ಆ ಸೂಕ್ತವನ್ನು ಓದುವ ನಾಲಗೆಯೂ ಸುಳ್ಳು ತಾರೀಕು ಬರೆಯುವ ಕೈಯೂ ಒಂದೇ ದೇಹದಲ್ಲಿರಲು ಹೇಗೆ ಸಾಧ್ಯ?

ಕೊನೆಯದಾಗಿ, ಮನೆಗೆ ಹೋಗಿ ಮಾಡಬೇಕಾದ ಕೆಲಸ. ನೋಟೀಸು ಬಂದರೆ ಪತ್ರದಷ್ಟೇ ಜೋಪಾನವಾಗಿ ಲಕೋಟೆಯನ್ನೂ ಇಡಿ. ಅನೇಕರು ಪತ್ರ ಇಟ್ಟುಕೊಂಡು ಲಕೋಟೆಯನ್ನು ಒಲೆಗೆ ಹಾಕುತ್ತಾರೆ. ಪಡೆದ ದಿನವನ್ನು ಅದರ ಮೇಲೆಯೇ ಬರೆಯಿರಿ. ಮೊಹರು ಮಸುಕಾಗಿದ್ದರೆ ಅಂದೇ ಅಂಚೆ ಕಚೇರಿಗೆ ಹೋಗಿ ಲಿಖಿತವಾಗಿ ತಿಳಿಸಿ, ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. ನೀವು ಕಳುಹಿಸಿದ ಸ್ಪೀಡ್ ಪೋಸ್ಟಿನ ರಸೀದಿ ಬಿಸಾಡಬೇಡಿ. ಅದರ ಸಂಖ್ಯೆಯಿಂದ ಬಟವಾಡೆಯ ವಿವರ ನೋಡಿ, ಅಂದೇ ಅಚ್ಚು ತೆಗೆದಿಡಿ. ಊರು ಬಿಟ್ಟು ದುಡಿಯಲು ಹೋಗುವಾಗ ಹೊಸ ವಿಳಾಸವನ್ನು ಬ್ಯಾಂಕಿಗೂ ಅಂಚೆ ಕಚೇರಿಗೂ ಬರೆದು ಕೊಡಿ. ಅಂಚೆಯವರು ತಂದ ಪತ್ರವನ್ನು ಹೆದರಿ ನಿರಾಕರಿಸಬೇಡಿ. ನಿರಾಕರಿಸಿದವನು ಓದದೆಯೇ ಸೋಲುತ್ತಾನೆ.

ನಮ್ಮ ಅಣ್ಣನಿಗೆ ಆ ನೌಕರಿ ಇನ್ನು ಮರಳಿ ಬಾರದು. ಆದರೆ ನಾಳೆ ಕುರುಗೋಡಿನ ಇನ್ನೊಂದು ಮನೆಯಲ್ಲಿ ಇನ್ನೊಬ್ಬ ತಂದೆ ಮಸಿ ಮೆತ್ತಿದ ಲಕೋಟೆ ಹಿಡಿದು ನಿಂತಾಗ, ಯಾವ ಕಾನೂನಿನ ಕೆಳಗೆ ದೂರು ಕೊಡಬೇಕು ಎಂಬ ಪ್ರಶ್ನೆಗೆ ಉತ್ತರವಿರಬೇಕು. 1898ರಲ್ಲಿ ಪರಕೀಯರು ಕೊಟ್ಟಿದ್ದ ಉತ್ತರವನ್ನು ನಮ್ಮವರು ಕಸಿದುಕೊಂಡಿದ್ದಾರೆ. ಅದಕ್ಕಿಂತ ಉತ್ತಮವಾದುದನ್ನು ಕೇಳಿ ಪಡೆಯುವುದು ನಮ್ಮೆಲ್ಲರ ಹೊಣೆ.

ಸತ್ಯವನ್ನು ಬರೆಯುವ, ಸತ್ಯಕ್ಕೆ ಸಾಕ್ಷಿ ನಿಲ್ಲುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.